ಟಿಕ್

ಬಂದರಿನ ಓಣಿ, ಎರಡನೇ ಮಾಳಿಗೆ.
ಕೆಳಗೆ ಒಣಮೆಣಸಿನ ಗೋದಾಮು,
ಮೇಲೆ ಸೀನುತ್ತ ನಾನು, ಪಂಪು ಪೈಪಿನ ಕಂಪನಿಯ ಲೆಕ್ಕದವಳು.
ಏಳು ಜನ ಸೇಲ್ಸಿನವರ ಕಮಿಷನ್ ಚೀಟಿಯಲ್ಲಿ
ಯಾವ ಕಾಲಮ್ಮು ಕಾಣಬೇಕು, ಯಾವುದು ಬೇಡ,
ಸಂಜೆಯೊಳಗೆ ತೀರ್ಮಾನ ಆಗಬೇಕು.

ಹೊಸ ಸಾಫ್ಟ್‌ವೇರಿನಲ್ಲಿ ಒಂದೊಂದರ ಪಕ್ಕ ಪುಟ್ಟ ಚೌಕ.
ಟಿಕ್ ಹಾಕಿದರೆ ಉಂಟು, ತೆಗೆದರೆ ಇಲ್ಲ.
ಇದ್ದದ್ದು ಇಷ್ಟು ಸಲೀಸಾಗಿ ಇಲ್ಲವಾಗುವುದನ್ನು
ನಾನು ಬೇರೆಲ್ಲೂ ನೋಡಿಲ್ಲ.

ಧಣಿಗಳು ಹೇಳಿ ಹೋದದ್ದು:
“ಒಟ್ಟು ಮೊತ್ತ ಒಂದೇ ಸಾಕು ಐರಿನ್,
ಹೆಚ್ಚು ಕಂಡರೆ ಹೆಚ್ಚು ಕೇಳ್ತಾರೆ.”

ಕೇಳುವವರು ಯಾರು ಮಾರಾಯ್ರೆ?
ವಿಟ್ಲ, ಕನ್ಯಾನ ಲೈನಿನ ಸಂಜೀವ ಗಟ್ಟಿಯವರು
ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿ
“ಸರಿ ಬಾಯಮ್ಮ” ಎಂದು ಇಳಿಯುತ್ತಾರೆ.
ಹೊರಮೆಟ್ಟಿಲಿನ ತಿರುವಿನಲ್ಲಿ
ಮತ್ತೆ ಅದನ್ನು ಬಿಡಿಸುವುದು
ನನ್ನ ಕಿಟಕಿಗೆ ಕಾಣುತ್ತದೆ.

ಕೇಳುವವನು ಒಬ್ಬನೇ, ಉಳ್ಳಾಲದ ನೌಫಲ್.
ಅವನ ಡೈರಿಯಲ್ಲಿ ಪೆನ್ಸಿಲಿನಿಂದ ಎಳೆದ
ಅವನದೇ ಕಾಲಮ್ಮುಗಳು:
ಅಂಗಡಿ, ಬಿಲ್ಲು, ಪೆಟ್ರೋಲು, ಅಂಗಡಿಯವನು ಕೊಟ್ಟ ಮಾತು,
ನೇತ್ರಾವತಿ ಸೇತುವೆಯ ಮೇಲೆ ಬ್ಲಾಕಿನಲ್ಲಿ ಹೋದ ಹೊತ್ತು.
ಕೊನೆಯ ಎರಡಕ್ಕೆ ನನ್ನ ಹತ್ತಿರ ಚೌಕವೇ ಇಲ್ಲ.

ಒಂದು ಕಾಲಮ್ಮಿನ ಹೆಸರು ‘ಕ್ಲಾಬ್ಯಾಕ್’.
ಶಬ್ದದ ಒಳಗೇ ಉಗುರು ಉಂಟು.
ಕಡಿತ ಎನ್ನಲೇ? ವಸೂಲಿ?
ಅಳಿಸಿ ಅಳಿಸಿ ಕೊನೆಗೆ ಬರೆದೆ:
‘ಪಾರ್ಟಿ ದುಡ್ಡು ಕೊಡದ್ದಕ್ಕೆ ನಿಮ್ಮಿಂದ ಹಿಡಿದದ್ದು’.

ಉದ್ದವಾಯಿತು. ಪರದೆಯಲ್ಲಿ
‘ಪಾರ್ಟಿ ದುಡ್ಡು ಕೊ’ ಎಂದು ತುಂಡಾಗಿ, ಮುಂದೆ ಮೂರು ಚುಕ್ಕಿ.
ಎಳೆದು ಅಗಲ ಮಾಡಿದೆ.
ಗಟ್ಟಿಯವರ ಕಣ್ಣಿಗೆಂದು ಅಕ್ಷರ ಎರಡು ಸೈಜು ದೊಡ್ಡದು ಮಾಡಿದೆ.
ಎಲ್ಲ ಚೌಕಕ್ಕೂ ಟಿಕ್ ಹಾಕುತ್ತ ಹೋದೆ,
ಸೀನು ಬಂದಾಗ ಒಮ್ಮೆ ನಿಲ್ಲಿಸಿ.

ಜಾಗ ಸಾಲದೆ ‘ಒಟ್ಟು’ ಎಂಬುದು
ಎರಡನೇ ಹಾಳೆಗೆ ಹೋಗಿ ಬಿತ್ತು,
ಒಂಟಿಯಾಗಿ, ಸುತ್ತ ಬರೀ ಬಿಳಿ.
ಧಣಿಗಳು ಆ ಹಾಳೆಯನ್ನಷ್ಟೇ ನೋಡಿದರು.
“ಹೀಗೆ ಇರಬೇಕು, ಚೊಕ್ಕ” ಎಂದು ಸಹಿ ಹಾಕಿದರು.

ಇವತ್ತು ಐದನೇ ತಾರೀಕು.
ಗಟ್ಟಿಯವರು ತಿರುವಿನಲ್ಲಿ ನಿಂತಿದ್ದಾರೆ.
ಕನ್ನಡಕ ಹಾಕಿದ್ದಾರೆ, ಬೆರಳು ಸಾಲಿನ ಮೇಲೆ.
ಮೊದಲ ಹಾಳೆ ಇನ್ನೂ ಮುಗಿದಿಲ್ಲ.
ಮೆಣಸಿನ ಘಾಟಿಗೆ ಒಮ್ಮೆ ಕೆಮ್ಮಿದರು,
ಕೆಳಗೆ ನೋಡಿದರು,
ಒಂದು ಮೆಟ್ಟಿಲು ವಾಪಸು ಹತ್ತಿದರು.