ಬಾಳೆನಾರು

ಆ ಬೆಳಕು ಶಂಕರಪುರದ ತನಕ ಬರುವುದಿಲ್ಲ,
ಗಾಳಿ ಮೇಲೆಯೇ ಕುಡಿದುಬಿಡುತ್ತದೆ.
ಬಂದಿದ್ದರೆ ಈ ಮಲ್ಲಿಗೆ ಗಿಡ, ನಾನು,
ಸೆವ್ರಿನ್ ಬಾಯಿಯ ಒಕ್ಕಣ್ಣಿನ ಬೆಕ್ಕು
ಯಾರೂ ಇರುತ್ತಿರಲಿಲ್ಲ.
ನೇರಳೆಯಾಚೆಯದನ್ನು ಗಾಳಿಯಾಚೆ ಹೋಗಿಯೇ ನೋಡಬೇಕು.
ನನ್ನ ಬದಲಿಗೆ ಒಂದು ದೂರದರ್ಶಕ ಹೋಗಿದೆ,
ತೊಂಬತ್ತೆಂಟು ನಿಮಿಷಕ್ಕೊಮ್ಮೆ ಭೂಮಿಗೆ ಸುತ್ತು.
ಅದು ಕಂಡದ್ದು ಬಾಡಿಗೆ ಕೋಣೆಯ ಲ್ಯಾಪ್‌ಟಾಪಿಗೆ
ರಾತ್ರಿಯಿಡೀ ತೊಟ್ಟಿಕ್ಕುತ್ತದೆ.

ಸೂರ್ಯನನ್ನು ಇಡಿಯಾಗಿ ನೋಡುವುದಿಲ್ಲ ನಾವು.
ಒಂದು ಸೀಳು ಅಷ್ಟೆ;
ಬಾಗಿಲ ಸಂದಿನಿಂದ ಮದುವೆ ಮನೆ ಇಣುಕಿದ ಹಾಗೆ
ಇಷ್ಟು ಸೆರಗು, ಒಂದು ಮೊಣಕೈ,
ಸೀಳು ಸರಿದರೆ ಪಕ್ಕದ್ದು.
ಜೋಡಿಸಿದಾಗ ಕಮಾನು.
ಒಂದು ಕಲೆಯ ಬದಿಯಿಂದ ಎದ್ದು ಇನ್ನೊಂದಕ್ಕೆ ಬಾಗಿ,
ಅಡಿಯಲ್ಲಿ ನಾಲ್ಕು ಭೂಮಿ ಉರುಳಿಹೋಗುವಷ್ಟು ಜಾಗ ಬಿಟ್ಟು.

ನಸುಕಿಗೆ ಮೊಗ್ಗು ಕೊಯ್ದು ಬಂದ ಬಾಯಿ
ಚಾವಡಿಯಲ್ಲಿ ಕಟ್ಟುತ್ತಾ ಕೂತಿದ್ದರು.
'ಇದು ಎಂತದು ಮಗಾ, ಬಳೆಯಾ?'
ಅಯಸ್ಕಾಂತದ ಗೆರೆ ಅಂದೆ. ಆದರೆ ಅದು ಕಾಣುವುದಿಲ್ಲ,
ಹೊಳೆಯುವುದು ಕಬ್ಬಿಣ,
ಹನ್ನೊಂದು ಎಲೆಕ್ಟ್ರಾನು ಕಳಕೊಂಡದ್ದು,
ಹದಿನೈದು ಲಕ್ಷ ಡಿಗ್ರಿಯಲ್ಲಿ.
ತಲೆ ಎತ್ತಲಿಲ್ಲ ಅವರು.
'ನಾರು ಕಂಡರೆ ಚೆಂಡಿಗೆ ದರ ಇಲ್ಲ.'

ಮೂರು ತಿಂಗಳು ಆ ಗೆರೆ ತೂಗುವುದನ್ನು ಕಂಡೆ,
ಕೆಂಪಿಗೆ, ನೀಲಿಗೆ, ಮತ್ತೆ ಕೆಂಪಿಗೆ.
ಕಮಾನು ಉಸಿರಾಡುತ್ತಿದೆ ಎಂದು
ನಾಲ್ಕು ಪುಟ ಬರೆದೂಬಿಟ್ಟೆ.
ಆಮೇಲೆ ಉಸಿರಿನ ಅವಧಿ ಲೆಕ್ಕ ಹಾಕಿದೆ:
ತೊಂಬತ್ತೆಂಟು ನಿಮಿಷ.

ಸೂರ್ಯನದಲ್ಲ.
ಸುತ್ತುವಾಗ ನಮ್ಮ ಉಪಕರಣವೇ ಕಾದು, ತಣಿದು,
ಕೂದಲೆಳೆಯಷ್ಟು ಹಿಗ್ಗಿ ಕುಗ್ಗಿದ್ದು.

ಆ ದಿನ ಊಟ ಬೇಡ ಅಂದೆ.
ಬಾಯಿ ಗಂಜಿ ಇಟ್ಟು ಹೋದರು.

ಈಗ ಕಳೆಯುವ ಕೆಲಸ.
ತೂಗನ್ನು ಕಳೆ, ಸೀಳಿನ ಓರೆ ಕಳೆ.
ಸೊನ್ನೆ ಎಲ್ಲಿ ಎಂದು ತೋರಿಸುವ ದೀಪ ಅಲ್ಲಿಲ್ಲ;
ಸೂರ್ಯನ ಗಲಾಟೆಯಿಲ್ಲದ ಮೂಲೆಯೊಂದನ್ನೇ
ಸೊನ್ನೆ ಅಂದುಕೊಳ್ಳಬೇಕು,
ಕಟ್ಟೆಯಲ್ಲಿ ಹೇಳಿದ್ದೇ
ಇವತ್ತಿನ ಅಟ್ಟೆಯ ದರ ಅಂದುಕೊಂಡಂತೆ.

ಎಲ್ಲ ಕಳೆದ ಮೇಲೆ ಉಳಿದದ್ದು
ಒಂದೇ ಕಾಲಿನ ಬುಡದಲ್ಲಿ ಚೂರು ಕೆಂಪು.
ಸೆಕೆಂಡಿಗೆ ಹನ್ನೆರಡು ಕಿಲೋಮೀಟರು,
ನಮ್ಮಿಂದ ದೂರಕ್ಕೆ; ಅಂದರೆ ಒಳಕ್ಕೆ; ಅಂದರೆ
ಏನೋ ಬೀಳುತ್ತಿದೆ.
ಏರಿದ್ದು ಯಾವಾಗ, ಯಾವ ಕಾಲಿನಿಂದ, ಗೊತ್ತಿಲ್ಲ.
ಗೆರೆಯೂ ಇರಬೇಕಾದ್ದಕ್ಕಿಂತ ದಪ್ಪ,
ಒಳಗೆ ನನ್ನ ಸೀಳಿಗೆ ಸಿಗದ ಏನೇನೋ ಹೊಯ್ದಾಟ.

ಹೊರಗೆ ಬೈಕಿನ ಹಾರ್ನು. ಹೂವಿಗೆ ಬಂದ ಹುಡುಗ.
ಬಾಯಿ ಕೊನೆಯ ಗಂಟನ್ನು ಎಳೆದು
ಹೆಚ್ಚಾದ ನಾರನ್ನು ಹಲ್ಲಿನಲ್ಲಿ ಕಡಿದರು.
ಹನ್ನೆರಡು, ಎಂದು ಬರೆದೆ.
ಪಕ್ಕದಲ್ಲಿ, ಪೆನ್ಸಿಲಿನಲ್ಲಿ,
ಹೆಚ್ಚು ಕಡಿಮೆ ಐದು.