ಅದೇ ತಿರುವು

ಅಂತಾನಾನರಿವೊದಲ್ಲಿ ಏರಿಲ್ಲದ ಬೀದಿ ಇಲ್ಲ,
ಸೊಲೊಫೊನ ಟ್ಯಾಕ್ಸಿಗೆ ಏರು ಕಂಡರೆ ಆಗದು.
ನಲವತ್ತು ದಾಟಿದ ರೆನೋ, ನಮ್ಮ ಬಾಯಲ್ಲಿ ಕತ್ರೆಲ್;
ಕೆನೆಬಣ್ಣ, ಬಾಗಿಲಿಗೆ ಹಗ್ಗದ ಚಿಲಕ.

"ನಿಂತುಬಿಡುತ್ತೆ, ಬಾಕೋಲಿ. ಅದೇ ತಿರುವು.
ಆಮೇಲೆ ತಲೆ ಚಚ್ಚಿಕೊಂಡರೂ ಸ್ಟಾರ್ಟ್ ಆಗಲ್ಲ.
ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಡುತ್ತೆ."

ಕೆಮ್ಮಿ ನಿಲ್ಲುತ್ತೋ, ಕೆಮ್ಮದೆಯೋ?
ಗ್ಯಾರೇಜಿನಲ್ಲಿ ಅಪ್ಪ ಕಲಿಸಿದ ಮೊದಲ ಪ್ರಶ್ನೆ.
ದೀಪ ಆರಿಸಿದ ಹಾಗೆ ಪಟ್ಟನೆ ಹೋದರೆ ಕರೆಂಟು;
ತಡವರಿಸಿ, ಎಳೆದೆಳೆದು, ಇನ್ನೊಮ್ಮೆ ಮುಗ್ಗರಿಸಿ ಹೋದರೆ ಪೆಟ್ರೋಲು.
"ಪಟ್ಟನೆ," ಅಂದ.
ಡಾಕ್ಟರ ಮುಂದೆ ರೋಗಿ, ನನ್ನ ಮುಂದೆ ಡ್ರೈವರು,
ಸುಳ್ಳು ಬೇಕೆಂದು ಹೇಳುವುದಲ್ಲ.
ಹಿಂದಿನಿಂದ ಹಾರ್ನು, ಪಕ್ಕದಲ್ಲಿ ಪ್ಯಾಸೆಂಜರಿನ ಗೊಣಗಾಟ,
ಇಂಜಿನ್ನಿನ ಕೊನೆಯ ಮಾತು ಯಾರ ಕಿವಿಗೆ ಬೀಳುತ್ತದೆ?

ಪ್ಲಗ್ಗು ಬಿಚ್ಚಿ ಇಂಜಿನ್ನಿಗೆ ಒತ್ತಿ ಹಿಡಿದು
ಕೀಲಿ ತಿರುಗಿಸು ಅಂದೆ. ನೀಲಿ ಕಿಡಿ, ದಪ್ಪಗೆ, ಚಟಚಟ.
ತಣ್ಣಗಿದ್ದಾಗ ಎಲ್ಲರೂ ಒಳ್ಳೆಯವರೇ, ಕಾಯಿಲ್ ಕೂಡ;
ಬಿಸಿಯೇರಿದ ಮೇಲಲ್ಲವೆ ಗುಣ ಗೊತ್ತಾಗುವುದು.
ಸತ್ತ ಗಾಡಿಯೊಂದರ ಕಾಯಿಲ್ ತಂದು ಕೂರಿಸಿದೆ,
ಕಂಡೆನ್ಸರ್ ಬದಲಿಸಿದೆ, ಪಾಯಿಂಟ್ ಉಜ್ಜಿ
ಸಿಗರೇಟು ಪ್ಯಾಕಿನ ರಟ್ಟಿನಷ್ಟು ಸಂದು ಬಿಟ್ಟೆ.
ದುಡ್ಡು ತೆಗೆದುಕೊಂಡೆ.
ಮೂರನೇ ದಿನ ಮತ್ತೆ ಬಂದ. ಅದೇ ತಿರುವು.

ನಾನೇ ಹತ್ತಿ ಕೂತೆ.
ಅಕ್ಟೋಬರಿನ ಕಲ್ಲುಹಾಸು, ಜಕರಂದದ ಹೂ ಟಯರಿನಡಿ ಜಾರುತ್ತಿತ್ತು,
ಹಿಂದಿನ ಸೀಟಲ್ಲಿ ಎರಡು ಬಾತುಕೋಳಿ, ಅವುಗಳ ಒಡತಿ.
ಎರಡನೇ ಗೇರು. ಮೊದಲನೇ ಗೇರು.
ಆಗ ಕೆಮ್ಮಿತು ನೋಡಿ,
ಕ್ಷಯದ ಕೆಮ್ಮು, ಒಂದು ಸಲವಲ್ಲ, ಆರು ಸಲ.
"ಇದಾ ನಿನ್ನ ಪಟ್ಟನೆ?" ಅಂದೆ.
ಸೊಲೊಫೊ ಹ್ಯಾಂಡ್‌ಬ್ರೇಕ್ ಎಳೆದು ಆಗಲೇ ಇಳಿದಿದ್ದ.

ಬಾನೆಟ್ ಎತ್ತಿದರೆ ಫಿಲ್ಟರಿನ ಗಾಜು ಖಾಲಿ.
ಪಂಪಿನ ಪೈಪು ಬಿಚ್ಚಿದರೆ ತೊಟ್ಟಿಲ್ಲ,
ಟ್ಯಾಂಕಿನಲ್ಲಿ ಮಾತ್ರ ತುಳುಕುತ್ತಿದೆ.
ಇದ್ದೂ ಕೊಡದವರ ಮನೆ ಬಾಗಿಲಿಗೆ ಹೋದ ಹಾಗೆ
ಹಿಂದಕ್ಕೆ ಹೋಗಿ ಮುಚ್ಚಳ ತಿರುಗಿಸಿದೆ.
ಹ್ಹಾ ಎಂದು
ಮುಳುಗಿ ಎದ್ದವರ ಹಾಗೆ ಉಸಿರೆಳೆದುಕೊಂಡಿತು.

ಮುಚ್ಚಳದ ವಾಷರು ಸವೆದು ಏರಿನಲ್ಲಿ ಪೆಟ್ರೋಲು ಚೆಲ್ಲುತ್ತಿತ್ತು.
ಅದಕ್ಕೇ ಬಾಯಿಗೊಂದು ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡು, ಮೇಲೆ ಮುಚ್ಚಳ.
ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಬರುತ್ತದೆಯೆ?
ಡಬ್ಬಿಗೆ ಎರಡು ತೂತು ಬೇಕೆಂದು ಅಂಗಡಿ ಹುಡುಗನಿಗೂ ಗೊತ್ತು,
ನನಗೆ ಗೊತ್ತಾಗಲು ಒಂದು ಕಾಯಿಲ್ ಬೇಕಾಯಿತು.
ಬೈಯೋಣವೆಂದು ತಿರುಗಿದರೆ ಅವನಿಲ್ಲ.

ತಿರುವಿನ ಮೋಟುಗೋಡೆಯ ಮೇಲೆ ಫನೊರೋನ ಮಣೆ,
ಗೀಟು ಕೂಡುವಲ್ಲೆಲ್ಲ ಕಪ್ಪು ಕಲ್ಲು, ಬಿಳಿ ಕಲ್ಲು.
ಆಚೆ ಮುದುಕ ರಾಲೈ, ಹುಲ್ಲಿನ ಟೋಪಿ;
ಈಚೆ ನಮ್ಮವನು, ಕುಕ್ಕರುಗಾಲಲ್ಲಿ.
ಎರಡು ತಿಂಗಳಿಂದ ಅರ್ಧರ್ಧ ಗಂಟೆ ಕೂಡಿಸಿ
ಆಡುತ್ತಲೇ ಬಂದಿದ್ದಾರೆ. ಒಮ್ಮೆಯೂ ಗೆದ್ದಿಲ್ಲ ಇವನು.
"ಸಿಕ್ಕಿತು," ಎಂದು ಚೀಲ ತೋರಿಸಿದೆ.
"ಓ," ಅಂದ. "ಒಳ್ಳೇದಾಯ್ತು."
ಕಲ್ಲು ಹಿಡಿದ ಕೈ ಮಣೆಯ ಮೇಲೆ ಹಾಗೇ ನಿಂತಿತ್ತು.
ಬಾತುಕೋಳಿಯಾಕೆ ಒಳಗಿಂದ ಕೂಗುತ್ತಿದ್ದಳು.

ಹೊಸ ವಾಷರು ಹಾಕಿ ಕಳಿಸಿದೆ. ಹದಿನೈದು ದಿನ ಸುದ್ದಿಯಿಲ್ಲ.
ಕತ್ರೆಲ್ ಆ ತಿರುವನ್ನು ಗೂಳಿಯ ಹಾಗೆ ಹತ್ತುತ್ತಿದೆಯಂತೆ,
ನೋಡಿದವರು ಹೇಳಿದರು.

ಒಂದು ಗುರುವಾರ ತಂದು ನಿಲ್ಲಿಸಿದ.
"ಮತ್ತೆ ಅದೇ, ಬಾಕೋಲಿ." ಕಣ್ಣು ನೆಲದ ಮೇಲೆ.
ಮುಚ್ಚಳ ತಿರುಗಿಸಿದೆ.
ಹೊಸ ಚೀಲ, ನೀಲಿ.
ರಬ್ಬರ್ ಬ್ಯಾಂಡು ಎರಡು ಸುತ್ತು.

ಮುಚ್ಚಳ ಹಾಕಿ ಕೈ ಒರೆಸಿಕೊಂಡೆ.
"ಕಾಯಿಲ್," ಅಂದೆ. "ಬಿಸಿಯಾಗುತ್ತೆ. ಹಳೇ ಗಾಡಿ ಅಲ್ಲವಾ,
ಆ ತಿರುವಲ್ಲಿ ಅರ್ಧ ಗಂಟೆ ಬಿಡು, ಆರಲಿ."
ಎಷ್ಟಾಯ್ತು ಎಂದು ಜೇಬಿಗೆ ಕೈ ಹಾಕಿದ.
ಗೆದ್ದ ದಿನ ಕೊಡು, ಅಂದೆ.