ಮೂರನೆಯ ಒಂಬತ್ತು

ಗೋಬಿಯ ಬಡಗಣದ ನಮ್ಮ ಹುಲ್ಲುಬಯಲಿನಲ್ಲಿ
ಚಳಿಯನ್ನು ಎಣಿಸುವುದು ಒಂಬತ್ತರಲ್ಲಿ.
ಒಂಬತ್ತು ದಿನಕ್ಕೊಂದು ಕಂತು, ಅಂಥವು ಒಂಬತ್ತು.
ಮೊದಲನೆಯದರಲ್ಲಿ ಹಾಲಿನ ಸಾರಾಯಿ ಹೆಪ್ಪುಗಟ್ಟಬೇಕು,
ಎರಡನೆಯದರಲ್ಲಿ, ಎರಡು ಸಲ ಭಟ್ಟಿ ಇಳಿಸಿದ್ದು,
ಮೂರನೆಯದರಲ್ಲಿ ಮೂರು ವರ್ಷದ ಹೋರಿಯ ಕೊಂಬು.
ಅನುಜಿನ್ ಇದನ್ನೆಲ್ಲ ಮಗ್ಗಿಯ ಹಾಗೆ ಒಪ್ಪಿಸುತ್ತಾಳೆ.
ಕೊಂಬಿನ ಹತ್ತಿರ ಬಂದಾಗ ಮಾತ್ರ
ತನ್ನ ಹಣೆ ಮುಟ್ಟಿಕೊಂಡು ನಗುತ್ತಾಳೆ.

ಹವಾಮಾನ ಕೇಂದ್ರ ಅಂದರೆ ನಾನು, ಒಂದು ಬೇಲಿ,
ಬಿಳಿಯ ಪೆಟ್ಟಿಗೆ, ಅದರೊಳಗೊಂದು ಉಷ್ಣಮಾಪಕ.
ಮೂರು ಗಂಟೆಗೊಮ್ಮೆ ನೋಡು, ಬರೆ, ಫೋನು ಮಾಡು.
ಹದಿನೇಳು ವರ್ಷ. ಹೆರಿಗೆ ನೋವು ಶುರುವಾದ ರಾತ್ರಿಯೂ
ಎರಡರ ಪಾಳಿ ತಪ್ಪಿಸಿಲ್ಲ.

ಆವತ್ತು, ಮೂರನೆಯ ಒಂಬತ್ತರ ನಾಲ್ಕನೆಯ ರಾತ್ರಿ,
ಬಾಗಿಲು ತೆರೆದರೆ ಕೆನ್ನೆಗೆ ಏನೋ ತಾಗಿತು.
ಒರೆಸಿಕೊಂಡೆ. ಮತ್ತೆ ತಾಗಿತು.
ನಾಲಿಗೆ ಚಾಚಿ ನೋಡಿದೆ, ಮಗುವಿನ ಹಾಗೆ.

ಮಳೆ.

ಅಳೆಯೋಣವೆಂದರೆ ಮಾಪಕದ ಆಲಿಕೆ ಇಲ್ಲ.
ಚಳಿಗಾಲಕ್ಕೆ ಅದಕ್ಕೇನು ಕೆಲಸವೆಂದು ಅಕ್ಟೋಬರಿನಲ್ಲೇ ಕಳಚಿ
ಜನರೇಟರಿಗೆ ಡೀಸೆಲ್ ಹೊಯ್ಯಲು ಇಟ್ಟುಕೊಂಡಿದ್ದೆ.
ಚಹಾದ ಬಟ್ಟಲನ್ನು ಕಂಬದ ಮೇಲಿಟ್ಟೆ.
ಪ್ರಾಂತ್ಯದ ಕಚೇರಿಯ ಹುಡುಗ ಫೋನಿನಲ್ಲಿ ಕೇಳಿದ:
'ಅಕ್ಕಾ, ಸೊನ್ನೆಗಿಂತ ಮೇಲೋ ಕೆಳಗೋ?'
ಮೇಲೆ, ಅಂದೆ.
'ಇನ್ನೊಮ್ಮೆ ನೋಡಿ ಬನ್ನಿ.'
ನೋಡಿ ಬಂದೆ. ಮೇಲೆಯೇ ಇತ್ತು.
ಆ ಕಡೆ ಅವನು ಉಸಿರಾಡುವುದು ಕೇಳಿಸಿತು.

ನಸುಕಿಗೆ ಬಡಗಣ ಗಾಳಿ ಎದ್ದು, ಪಾದರಸ
ಮೂವತ್ತೊಂದು ಮೆಟ್ಟಿಲು ಇಳಿದು ಕೂತಿತು.
ಬೆಳಕು ಹರಿದಾಗ ನೆಲವೆಲ್ಲ ಒಂದೇ ಹಾಳೆ,
ಅದರಡಿಯಲ್ಲಿ ಹುಲ್ಲು, ಒಂದೊಂದು ಎಸಳೂ ಕಾಣುವ ಹಾಗೆ,
ಅಂಗಡಿಯ ಗಾಜಿನ ಹಿಂದಿನ ಮಿಠಾಯಿ.
ಆಡುಗಳು ಗೊರಸಿನಿಂದ ಕೆರೆದು ಕೆರೆದು
ಬಿಳಿಯ ಮೇಲೆ ಕೆಂಪು ಗೀಚಿದ್ದವು.
ಹಿರಿಯರು ಇದನ್ನು ಕಬ್ಬಿಣದ ಕೇಡು ಎನ್ನುತ್ತಾರೆ.
ಹೆಸರಿದೆ ಅಂದಮೇಲೆ ಹಿಂದೆಯೂ ಬಂದಿತ್ತು,
ಅಜ್ಜಿಯ ಕಾಲದಲ್ಲೊಮ್ಮೆ. ಈಗ
ಅನುಜಿನ್‌ಗೆ ಹತ್ತು ತುಂಬುವುದರೊಳಗೆ ನಾಲ್ಕು.

ಲುವ್ಸಂದಾಶ್ ಬಂದ, ಮೋಟಾರುಬೈಕು ತಳ್ಳಿಕೊಂಡು,
ಮೊಣಕೈಯಲ್ಲಿ ರಕ್ತ. ಕೂತು ಚಹಾ ಕುಡಿದ.
'ಮೊದಲೇ ಹೇಳಬಾರದಿತ್ತೇ?' ಅಂದ, ಜಗಳದ ದನಿಯಲ್ಲಲ್ಲ.
ನಾನು ಆದದ್ದನ್ನು ಬರೆಯುವವಳು, ಆಗುವುದನ್ನಲ್ಲ, ಅಂದೆ.
ಗೊತ್ತು, ಅಂದ. ಬೇಲಿಗೆ ಒರಗಿಸಿದ್ದ ಹಾರೆ ಕೇಳಿ ಪಡೆದು
ನಾನೂರ ಹದಿಮೂರು ಬಾಯಿಗಳ ಕಡೆಗೆ ನಡೆದ.
ಒಂದು ಹಾರೆ.

ಬಟ್ಟಲು ಸೀಳಿತ್ತು. ಗಡ್ಡೆಗಟ್ಟಿದ ಮಳೆ ಬಿಲ್ಲೆಯಾಗಿ ಕೈಗೆ ಬಂತು.
ಅನುಜಿನ್ ಅದನ್ನು ಕಣ್ಣಿಗೆ ಹಿಡಿದು ಬಯಲು ನೋಡುತ್ತ
ಕೇಳಿದಳು: ನಾಳೆ ಶಾಲೆಯಲ್ಲಿ ಏನು ಹೇಳಲಿ,
ಮೂರನೆಯ ಒಂಬತ್ತಕ್ಕೆ?

ನಾವು ಪೆನ್ಸಿಲಿನಲ್ಲಿ ಬರೆಯುವುದು ಅಳಿಸಿ ತಿದ್ದಲೆಂದಲ್ಲ,
ಚಳಿಗೆ ಶಾಯಿ ಹರಿಯುವುದಿಲ್ಲವೆಂದು.
ಆ ರಾತ್ರಿ ಹರಿಯುತ್ತಿತ್ತು.